ನೀವು ಬಂದ ವರ್ಷ ಯಾವುದು?
ಗಲ್ಫ್ ಆಫೀಸುಗಳಲ್ಲಿ ಮೂರು ತಲೆಮಾರಿನ ಚರಿತ್ರೆ

ನಮ್ಮ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ನಿಂತರೆ ಎರಡು ದೂರು ತಪ್ಪದೆ ಕಿವಿಗೆ ಬೀಳುತ್ತವೆ. ತಲೆ ನೆರೆತವರದು ಒಂದು: "ಈಗಿನ ಹುಡುಗರಿಗೆ ನಿಷ್ಠೆ ಅನ್ನುವುದೇ ಇಲ್ಲ ಮಾರಾಯ್ರೆ. ಕೆಲಸ ಕಲಿತು ಎರಡು ವರ್ಷ ಆಗುವಷ್ಟರಲ್ಲಿ ಬೇರೆ ಕಂಪನಿ." ಹುಡುಗರದು ಇನ್ನೊಂದು: "ಅಂಕಲ್‌ಗಳಿಗೆ ಎಲ್ಲದಕ್ಕೂ ಪ್ರಿಂಟ್ ಬೇಕು. ಕೇಳಿದರೆ ಕೆಲಸ ಹೇಳಿಕೊಡೋದಿಲ್ಲ." ನಾನು ದುಬೈಗೆ ಬಂದದ್ದು 1996ರಲ್ಲಿ. ದೇರಾದ ಒಂದು ಶಿಪ್ಪಿಂಗ್ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ನನ್ನ ಮೇಜಿನ ಬಲಗಡೆ ಮೊದಲನೆಯ ತಲೆಮಾರು, ಎಡಗಡೆ ಮೂರನೆಯದು. ಎರಡೂ ಕಡೆಯ ದೂರು ಕೇಳಿ ಕೇಳಿ ನನಗೊಂದು ಅಭಿಪ್ರಾಯ ಬಂದಿದೆ. ಇದು ಸ್ವಭಾವದ ಜಗಳವಲ್ಲ, ಚರಿತ್ರೆಯ ಜಗಳ. ಯಾರು ಯಾವ ವರ್ಷ ಇಲ್ಲಿ ಇಳಿದರು ಅನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಇದೆ.

ಆಫೀಸಿನ ತರಬೇತಿಗಳಲ್ಲಿ ಎಚ್.ಆರ್.ನವರು ಪರದೆಯ ಮೇಲೆ ತೋರಿಸುವ ಲೆಕ್ಕ ಬೇರೆ. ಬೇಬಿ ಬೂಮರ್, ಜೆನ್ ಎಕ್ಸ್, ಮಿಲೆನಿಯಲ್, ಜೆನ್ ಝೀ. ಈ ಪಟ್ಟಿ ಅಮೆರಿಕದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಿಂದ 1964ರವರೆಗೆ ಅಲ್ಲಿ ಹೆಚ್ಚು ಮಕ್ಕಳು ಹುಟ್ಟಿದರು, ಅದಕ್ಕೆ ಆ ಹೆಸರು. ಉಡುಪಿಯಲ್ಲೋ ಭಟ್ಕಳದಲ್ಲೋ ಹುಟ್ಟಿದವನಿಗೂ ಆ ಹೆಸರಿಗೂ ಏನು ಸಂಬಂಧ? ಕಾರ್ಲ್ ಮಾನ್‌ಹೈಮ್ ಎಂಬ ಸಮಾಜಶಾಸ್ತ್ರಜ್ಞ 1928ರಲ್ಲೇ ತಲೆಮಾರಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದಿದ್ದರು. ಒಂದೇ ವರ್ಷ ಹುಟ್ಟಿದ ಮಾತ್ರಕ್ಕೆ ಒಂದು ತಲೆಮಾರು ಆಗುವುದಿಲ್ಲ, ಹರೆಯದಲ್ಲಿ ಒಂದೇ ದೊಡ್ಡ ಘಟನೆಯ ಪೆಟ್ಟು ತಿಂದವರು ಒಂದು ತಲೆಮಾರು ಆಗುತ್ತಾರೆ ಎಂಬುದು ಅವರ ವಾದದ ಸಾರ. ಆ ಅಳತೆಗೋಲು ನಮಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ನಮ್ಮ ತಲೆಮಾರನ್ನು ಹುಟ್ಟಿದ ವರ್ಷದಿಂದ ಎಣಿಸುವುದಕ್ಕಿಂತ ವೀಸಾ ಸ್ಟಾಂಪ್ ಆದ ವರ್ಷದಿಂದ ಎಣಿಸುವುದೇ ಸರಿ.

ಟೆಲೆಕ್ಸ್ ಕಾಲದವರು

ಕರಾವಳಿಗೂ ಅರಬ್ ತೀರಕ್ಕೂ ಸಂಬಂಧ ಮಂಜಿಗಳ ಕಾಲದಿಂದ ಇದ್ದದ್ದೇ. ರೂಪಾಯಿ ಕೂಡ ಇಲ್ಲಿ ಓಡುತ್ತಿತ್ತು. ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಈ ದೇಶಗಳಿಗೆಂದೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ನೋಟು ಹೊರತಂದಿತ್ತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಅದನ್ನು ಕೈಬಿಟ್ಟಿತು. 1971ರ ಡಿಸೆಂಬರ್ 2ರಂದು ಯು.ಎ.ಇ. ಹುಟ್ಟಿತು, 1972ರಲ್ಲಿ ರಶೀದ್ ಬಂದರು ತೆರೆಯಿತು, 1973ರಲ್ಲಿ ದಿರ್ಹಮ್ ಬಂತು. ಅದೇ ವರ್ಷದ ಕೊನೆಗೆ ಎಣ್ಣೆಯ ಬೆಲೆ ಬ್ಯಾರಲ್‌ಗೆ ಸುಮಾರು 3 ಡಾಲರಿನಿಂದ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಹಾರಿತು. ದುಡ್ಡು ಬಂತು, ಕಟ್ಟಡ ಏಳಬೇಕು, ಬಂದರು ನಡೆಯಬೇಕು, ಲೆಕ್ಕ ಬರೆಯಲು ಜನ ಬೇಕು.

ಲೆಕ್ಕ ಬರೆಯುವ ಜನ ನಮ್ಮ ಕಡೆ ಧಾರಾಳ ಇದ್ದರು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಅದೇ ಮಂಗಳೂರು-ಉಡುಪಿಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಜೂನಿಯರ್ ಸೀನಿಯರ್ ಪಾಸು ಮಾಡಿ, ಮುಂಬೈ ಬಸ್ಸು ಹತ್ತುವುದು ಆಗ ರೂಢಿ. ಹಗಲು ಹೋಟೆಲು ಅಥವಾ ಆಫೀಸು, ಸಂಜೆ ರಾತ್ರಿ ಶಾಲೆ. ಅಲ್ಲಿಂದ ಗಲ್ಫ್. ವಿಮಾನಕ್ಕೆ ಕಾಸು ಇಲ್ಲದವರು 'ದ್ವಾರಕಾ' ಹಡಗಿನಲ್ಲಿ ಬಂದರು. ಬ್ರಿಟಿಷ್ ಇಂಡಿಯಾ ಕಂಪನಿಯ ಆ ಹಡಗು 1982ರವರೆಗೂ ಮುಂಬೈಯಿಂದ ಕರಾಚಿ ಮೇಲೆ ಗಲ್ಫ್‌ಗೆ ಓಡುತ್ತಿತ್ತು.

ಹೀಗೆ ಬಂದವರ ಕೈಗೆ ಸಿಕ್ಕಿದ ಯಂತ್ರ ಟೆಲೆಕ್ಸ್. ಅದರ ಗುಣ ಗೊತ್ತಿಲ್ಲದೆ ನಮ್ಮ ಹಿರಿಯರು ಅರ್ಥ ಆಗುವುದಿಲ್ಲ. ಲೈನಿನಲ್ಲಿ ಇದ್ದಷ್ಟು ನಿಮಿಷಕ್ಕೆ ದುಡ್ಡು, ಅದೂ ಅಂತರರಾಷ್ಟ್ರೀಯ ದರ. ಆದ್ದರಿಂದ ಮೊದಲು ಕೈಯಲ್ಲಿ ಕರಡು ಬರೆದು, ಮ್ಯಾನೇಜರ್‌ಗೆ ತೋರಿಸಿ, ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು, ಆಮೇಲೆ ಲೈನ್ ಹಿಡಿದು ಪಟ್ಟಿಯನ್ನು ಒಂದೇ ಉಸಿರಿಗೆ ಓಡಿಸುವುದು. ಪ್ಲೀಸ್ ಎಂದು ಪೂರ್ತಿ ಬರೆಯುವಂತಿಲ್ಲ, 'ಪಿ-ಎಲ್-ಎಸ್' ಸಾಕು. ರಿಗಾರ್ಡ್ಸ್‌ಗೆ 'ಆರ್-ಜಿ-ಡಿ-ಎಸ್'. ಸಣ್ಣಕ್ಷರ ಆ ಯಂತ್ರದಲ್ಲಿ ಇರಲೇ ಇಲ್ಲ, ಎಲ್ಲ ದೊಡ್ಡಕ್ಷರ. ಆ ಕಡೆಯ ಯಂತ್ರ ತನ್ನ ಗುರುತು ವಾಪಸು ಕಳಿಸಿತು ಅಂದರೆ ಸಂದೇಶ ತಲುಪಿತು ಅನ್ನುವುದಕ್ಕೆ ಸಾಕ್ಷಿ. ಆ ಕಾಗದ ಫೈಲಿಗೆ.

ನಮ್ಮ ಆಫೀಸಿಗೆ ಮೂರು ವರ್ಷದ ಹಿಂದೆ ಸೇರಿದ ಬೆಂಗಳೂರಿನ ಹುಡುಗಿಯೊಬ್ಬಳು ಮೊದಲ ವಾರದಲ್ಲೇ ನನ್ನ ಹತ್ತಿರ ಬಂದು, "ಸಾರ್, ಅವರು ನನ್ನ ಮೇಲೆ ಯಾಕೆ ಕೂಗಾಡ್ತಾರೆ?" ಅಂದಳು. ಹಿರಿಯರು ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಅವರ ಇ-ಮೇಲ್ ಪೂರ್ತಿ ದೊಡ್ಡಕ್ಷರದಲ್ಲಿತ್ತು, ನಾಲ್ಕೇ ಪದ, ನಮಸ್ಕಾರವೂ ಇಲ್ಲ. ಅವಳ ಕಾಲದಲ್ಲಿ ದೊಡ್ಡಕ್ಷರ ಅಂದರೆ ಬೈಗುಳ. ಅವರ ಕಾಲದಲ್ಲಿ ಅದು ಮಾಲೀಕನ ದುಡ್ಡು ಉಳಿಸುವ ಮರ್ಯಾದೆ. ಟೆಲೆಕ್ಸ್‌ನ ಕಥೆ ಹೇಳಿದಾಗ ಅವಳಿಗೆ ನಗು ಬಂತು. ಆಮೇಲೆ ಅವಳೂ ಅವರಿಗೆ ನಾಲ್ಕು ಪದದ ಉತ್ತರ ಬರೆಯಲು ಶುರುಮಾಡಿದಳು. "ಈ ಹುಡುಗಿ ಪರವಾಗಿಲ್ಲ" ಅಂದರು ಹಿರಿಯರು.

ಕರಡು ನೋಡದೆ ಏನೂ ಕಳಿಸಬೇಡ ಅನ್ನುವ ಅವರ ಹಟವೂ ಅಲ್ಲಿಂದಲೇ ಬಂದದ್ದು. ಮೂರು ಕಾರ್ಬನ್ ಇಟ್ಟು ಟೈಪು ಮಾಡುವಾಗ ಒಂದು ಅಂಕಿ ತಪ್ಪಿದರೆ ನಾಲ್ಕು ಪ್ರತಿಯಲ್ಲೂ ತಪ್ಪು. ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಗುಂಡಿ ಆಗ ಎಲ್ಲಿತ್ತು?

ಇನ್ನೊಂದು ವಿಷಯ, ಡ್ಯೂಟಿ ಸಮಯ. ಬೆಳಿಗ್ಗೆ ಎಂಟರಿಂದ ಒಂದು, ಮತ್ತೆ ಸಂಜೆ ನಾಲ್ಕರಿಂದ ಏಳು. ಮಧ್ಯದಲ್ಲಿ ರೂಮಿಗೆ ಹೋಗಿ ಗಂಜಿ ಉಂಡು ಒಂದು ನಿದ್ದೆ. ಈ ಸ್ಪ್ಲಿಟ್ ಡ್ಯೂಟಿಯಲ್ಲಿ ಬೆಳೆದವರಿಗೆ ರಾತ್ರಿ ಎಂಟರವರೆಗೆ ಆಫೀಸಿನಲ್ಲಿ ಇರುವುದು ದೊಡ್ಡ ವಿಷಯವೇ ಅಲ್ಲ. ಬ್ಯಾಚುಲರ್ ರೂಮಿನಲ್ಲಿ ಎಂಟು ಜನ ಇರುವಾಗ ಏ.ಸಿ. ಇರುವ ಆಫೀಸೇ ವಾಸಿ. ಸಂಜೆ ಆರಕ್ಕೆ ಬ್ಯಾಗ್ ಏರಿಸುವ ಹುಡುಗ ಅವರ ಕಣ್ಣಿಗೆ ಅರ್ಧ ದಿನ ರಜೆ ಹಾಕಿದ ಹಾಗೆ ಕಾಣುತ್ತಾನೆ. ಆ ಹುಡುಗನಿಗೆ ಮಧ್ಯಾಹ್ನದ ಮೂರು ಗಂಟೆ ನಿದ್ದೆ ಸಿಕ್ಕಿಲ್ಲ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. ವಾರದ ರಜೆ ಕೂಡ ಜಾಗ ಬದಲಿಸಿದೆ. ಸರಕಾರಿ ಕಚೇರಿಗಳಿಗೆ ಮೊದಲು ಗುರುವಾರ-ಶುಕ್ರವಾರ, 2006ರಿಂದ ಶುಕ್ರವಾರ-ಶನಿವಾರ, 2022ರ ಜನವರಿಯಿಂದ ಶನಿವಾರ-ಭಾನುವಾರ. ನಮ್ಮಂಥ ಎಷ್ಟೋ ಖಾಸಗಿ ಆಫೀಸುಗಳಲ್ಲಿ ಶುಕ್ರವಾರ ಒಂದೇ ರಜೆ ಇತ್ತು.

ಕುವೈತ್ ನೆನಪಿನವರು

ಎರಡನೆಯ ತಲೆಮಾರಿನ ಎದೆಯಲ್ಲಿ ಇರುವ ದಿನಾಂಕ 1990ರ ಆಗಸ್ಟ್ 2. ಅಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರ ಸಂಖ್ಯೆ ಸುಮಾರು 1.7 ಲಕ್ಷ. ಬಸ್ಸು, ಲಾರಿ ಹಿಡಿದು ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಮುಂತಾದ ವಿಮಾನಗಳು ಎರಡು ತಿಂಗಳ ಕಾಲ ಊರಿಗೆ ತಂದವು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಹಾಗೆ ಒಂದು ಸೂಟ್‌ಕೇಸಿನೊಂದಿಗೆ ಜನ ವಾಪಸು ಬಂದರು. ಬ್ಯಾಂಕಿನಲ್ಲಿದ್ದ ದಿನಾರ್ ರಾತ್ರೋರಾತ್ರಿ ಕೈಗೆ ಸಿಗದಂತಾಯಿತು.

ಯುದ್ಧ ಮುಗಿದ ಮೇಲೆ 1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತು. ಕುವೈತ್ ಬಿಟ್ಟು ಬಂದವರಿಗೆ ನಿಗದಿಯಾದ ಒಂದು ಮೊತ್ತ. ಅದಕ್ಕಿಂತ ಹೆಚ್ಚು ನಷ್ಟ ಆಗಿದೆ ಅನ್ನುವವರು ಸಂಬಳದ, ಬ್ಯಾಂಕಿನ, ಸಾಮಾನಿನ ದಾಖಲೆ ತೋರಿಸಬೇಕು. ಫೈಲು ಹೊತ್ತು ತಂದವನಿಗೆ ಹೇಳಿಕೊಳ್ಳಲು ಏನೋ ಇತ್ತು. ಚಿನ್ನ ಮಾತ್ರ ಹೊತ್ತು, ಕಾಗದ ಬಿಟ್ಟು ಬಂದವನಿಗೆ ಬಾಯಿಮಾತು ಬಿಟ್ಟು ಬೇರೆ ಇಲ್ಲ. ಇದನ್ನು ಕಣ್ಣಾರೆ ಕಂಡವರು, ಮನೆಯಲ್ಲಿ ಕೇಳಿ ಬೆಳೆದವರು ಆಮೇಲೆ ದುಬೈ, ದೋಹಾ, ಮಸ್ಕತ್‌ಗೆ ಬಂದರು. ನನ್ನ ವಯಸ್ಸಿನವರು ಎಲ್ಲದಕ್ಕೂ ಮೂರು ಜೆರಾಕ್ಸ್ ತೆಗೆದಿಡುತ್ತೇವಲ್ಲ, ಆಫರ್ ಲೆಟರಿನಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ, ಅದರ ಹಿಂದೆ ಕುವೈತ್ ಇದೆ. "ಎಲ್ಲ ಕ್ಲೌಡ್‌ನಲ್ಲಿ ಇದೆ ಅಣ್ಣ, ಕಾಗದ ಯಾಕೆ?" ಎಂದು ಹುಡುಗರು ಕೇಳುವಾಗ ನನಗೆ ಅಮ್ಮಾನ್ ರಸ್ತೆಯ ಬಸ್ಸುಗಳೇ ನೆನಪಾಗುವುದು.

ನಮ್ಮ ತಲೆಮಾರು ಜೊತೆಗೆ ತಂದ ಇನ್ನೊಂದು ಸಾಮಾನು ಕಂಪ್ಯೂಟರು. 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿಯ ಟ್ಯಾಲಿ ಇವತ್ತಿಗೂ ದೇರಾ, ಬರ್ ದುಬೈಯ ಸಾವಿರಾರು ಅಂಗಡಿಗಳ ಲೆಕ್ಕ ಬರೆಯುತ್ತಿದೆ. ಟ್ಯಾಲಿ ಬರುತ್ತದೆ ಅನ್ನುವ ಒಂದೇ ಅರ್ಹತೆಯ ಮೇಲೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಆಗ ಲೆಡ್ಜರ್ ಬರೆಯುತ್ತಿದ್ದ ಹಿರಿಯರು ನಮ್ಮನ್ನು ನೋಡಿದ ನೋಟ ಹೇಗಿತ್ತು ಗೊತ್ತೇ? ಇವತ್ತು ನಾವು ಪವರ್ ಬಿಐ ಹುಡುಗರನ್ನು ನೋಡುತ್ತೇವಲ್ಲ, ಹಾಗೇ. ಆ ನೋಟದ ಅರ್ಥಕ್ಕೆ ಮುಂದೆ ಬರುತ್ತೇನೆ.

ನಿಷ್ಠೆ ಎಂಬ ಕಾನೂನು

ಈಗ ದೊಡ್ಡ ದೂರಿಗೆ ಬರೋಣ: ಹುಡುಗರಿಗೆ ನಿಷ್ಠೆ ಇಲ್ಲ. ಹಳಬರ ನಿಷ್ಠೆಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದರಲ್ಲಿ ಗುಣ ಎಷ್ಟು, ಕಾನೂನು ಎಷ್ಟು ಎಂದು ಒಮ್ಮೆ ನೋಡಬೇಕು.

ಯು.ಎ.ಇ.ಯ ಹಳೆಯ ಕಾರ್ಮಿಕ ಕಾನೂನು 1980ರದ್ದು. ಗ್ರಾಚ್ಯುಟಿ ಲೆಕ್ಕ ಎಲ್ಲರಿಗೂ ಬಾಯಿಪಾಠ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಅದರಲ್ಲಿ ಒಂದು ಗಂಟು ಇತ್ತು. ಅವಧಿ ಗೊತ್ತಿಲ್ಲದ ಕಾಂಟ್ರಾಕ್ಟಿನಲ್ಲಿ ನೀವಾಗಿ ರಾಜೀನಾಮೆ ಕೊಟ್ಟರೆ, ಮೂರು ವರ್ಷದೊಳಗೆ ಆದರೆ ಮೂರನೆಯ ಒಂದು ಪಾಲು ಮಾತ್ರ, ಐದು ವರ್ಷದೊಳಗೆ ಆದರೆ ಮೂರರಲ್ಲಿ ಎರಡು ಪಾಲು. ಕೂತವನಿಗೆ ಪೂರ್ತಿ, ಎದ್ದವನಿಗೆ ಕಡಿತ. ಇದರ ಮೇಲೆ ಎನ್.ಓ.ಸಿ. ಹಳೆಯ ಮಾಲೀಕನ ಒಪ್ಪಿಗೆ ಪತ್ರ ಇಲ್ಲದೆ ಬೇರೆ ಕಡೆ ಸೇರುವುದು ಕಷ್ಟ, ಆರು ತಿಂಗಳ ಬ್ಯಾನ್‌ನ ಹೆದರಿಕೆ ತಲೆಯ ಮೇಲೆ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ ಇರುವುದು ಆಗ ಎಲ್ಲರೂ ಕಂಡ ಸಂಗತಿ. ವೀಸಾ ಕ್ಯಾನ್ಸಲ್ ಆದರೆ ಜಾಗ ಖಾಲಿ ಮಾಡಲು ಇದ್ದದ್ದು 30 ದಿನ. ಮಕ್ಕಳ ಶಾಲೆ, ಮನೆ ಬಾಡಿಗೆಯ ಚೆಕ್ಕು, ಊರಿನಲ್ಲಿ ಕಟ್ಟುತ್ತಿರುವ ಮನೆ, ಎಲ್ಲವೂ ಆ 30 ದಿನದೊಳಗೆ. ಹೀಗಿರುವಾಗ ಇಪ್ಪತ್ತೈದು ವರ್ಷ ಒಂದೇ ಮೇಜಿನಲ್ಲಿ ಕುಳಿತದ್ದು ನಿಷ್ಠೆಯೂ ಹೌದು, ಬೇರೆ ದಾರಿ ಇಲ್ಲದ್ದೂ ಹೌದು.

ಮೂರನೆಯ ತಲೆಮಾರು ಬಂದದ್ದು ಬೇರೆ ಕಾನೂನಿನ ಕೆಳಗೆ. ಸಂಬಳ ಬ್ಯಾಂಕಿನ ಮೂಲಕವೇ ಕೊಡಬೇಕು, ಕೊಟ್ಟದ್ದು ಸರಕಾರಕ್ಕೆ ಕಾಣಬೇಕು ಎನ್ನುವ ಡಬ್ಲ್ಯು.ಪಿ.ಎಸ್. ಬಂದದ್ದು 2009ರಲ್ಲಿ. 2016ರ ಶುರುವಿನಿಂದ ಕೆಲಸ ಬದಲಿಸುವ ನಿಯಮ ಸಡಿಲವಾಯಿತು. ಹೊಸ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಗೆ ಬಂತು. ಕಾಂಟ್ರಾಕ್ಟು ಎಲ್ಲ ಅವಧಿ ಗೊತ್ತಿದ್ದವು, ನೋಟಿಸ್ 30ರಿಂದ 90 ದಿನ, ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿಯಲ್ಲಿ ಆ ಹಳೆಯ ಕಡಿತ ಇಲ್ಲ. ಎರಡು ವರ್ಷದ ಕಾಗದಕ್ಕೆ ಸಹಿ ಹಾಕಿದ ಹುಡುಗ ಎರಡು ವರ್ಷದ ಲೆಕ್ಕದಲ್ಲಿ ಯೋಚಿಸಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಅವನ ಎದೆಯಲ್ಲೂ ದಿನಾಂಕಗಳಿವೆ. 2009ರ ನವೆಂಬರಿನಲ್ಲಿ ದುಬೈ ವರ್ಲ್ಡ್ ಸಾಲ ತೀರಿಸಲು ಸಮಯ ಕೇಳಿದಾಗ, ಇಪ್ಪತ್ತು ವರ್ಷ ದುಡಿದ ಅಪ್ಪಂದಿರು ಮನೆಗೆ ಹೋದದ್ದನ್ನು ಇಲ್ಲೇ ಶಾಲೆ ಕಲಿಯುತ್ತಿದ್ದ ಮಕ್ಕಳು ನೋಡಿದ್ದಾರೆ. 2020ರ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಕೆಲಸ ಕಳೆದುಕೊಂಡವರ ಸಾಲು ನೋಡಿದ್ದಾರೆ. ಕಂಪನಿ ನಮ್ಮನ್ನು ಹಿಡಿದುಕೊಳ್ಳುವುದಿಲ್ಲ, ಮತ್ತೆ ನಾವು ಯಾಕೆ ಕಂಪನಿಯನ್ನು ಹಿಡಿದುಕೊಳ್ಳಬೇಕು ಎಂಬ ಪಾಠ ಅವರು ಪುಸ್ತಕದಿಂದ ಕಲಿತದ್ದಲ್ಲ.

ಹೇಳಿಕೊಡದ ಕೆಲಸ

ಇನ್ನೊಂದು ದೂರು ಇದಕ್ಕಿಂತ ಗಂಭೀರ. ಹಿರಿಯರು ಕೆಲಸ ಹೇಳಿಕೊಡುವುದಿಲ್ಲ. ಇದು ಸುಳ್ಳಲ್ಲ. ಬಿಲ್ ಆಫ್ ಲೇಡಿಂಗ್‌ಗೂ ಮ್ಯಾನಿಫೆಸ್ಟ್‌ಗೂ ತಾಳೆ ಆಗದಿದ್ದರೆ ಯಾರಿಗೆ ಫೋನು ಮಾಡಬೇಕು, ಯಾವ ಗಿರಾಕಿಗೆ ಹಣ ಬರುವ ಮೊದಲು ಡೆಲಿವರಿ ಆರ್ಡರ್ ಕೊಡಬಹುದು, ಯಾರಿಗೆ ಕೊಡಲೇಬಾರದು, ಇಂಥದ್ದು ಯಾವ ಸಿಸ್ಟಮ್ಮಿನಲ್ಲೂ ಇರುವುದಿಲ್ಲ. ಅದು ಒಬ್ಬರ ತಲೆಯಲ್ಲಿ, ಮತ್ತೆ ಅವರ ಡ್ರಾಯರಿನ ಒಂದು ಹಳೆಯ ಡೈರಿಯಲ್ಲಿ ಇರುತ್ತದೆ.

ಅಮೆರಿಕದ ಪುಸ್ತಕ ಇದಕ್ಕೆ ಅಹಂಕಾರ ಅನ್ನುತ್ತದೆ, ಬದಲಾವಣೆಯ ಭಯ ಅನ್ನುತ್ತದೆ. ಆದರೆ ಅಲ್ಲಿಯ ಹಿರಿಯ ಕೆಲಸ ಕಳೆದುಕೊಂಡರೂ ತನ್ನ ಊರಿನಲ್ಲೇ ಇರುತ್ತಾನೆ. ಇಲ್ಲಿ ನಮ್ಮಂಥವರಿಗೆ ಕೆಲಸ ಅಂದರೆ ವೀಸಾ, ವೀಸಾ ಅಂದರೆ ಹೆಂಡತಿ ಮಕ್ಕಳ ವೀಸಾ. ಅರ್ಧ ಸಂಬಳಕ್ಕೆ ಬಂದ ಹುಡುಗನಿಗೆ ಎಲ್ಲ ಹೇಳಿಕೊಟ್ಟ ಮರುದಿನ ನನ್ನ ಅವಶ್ಯಕತೆ ಏನು ಎಂಬ ಪ್ರಶ್ನೆ ಅವರ ತಲೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹಾಗೆ ಆದದ್ದನ್ನು ಅವರು ಪಕ್ಕದ ಆಫೀಸುಗಳಲ್ಲಿ ನೋಡಿದ್ದಾರೆ. ಟ್ಯಾಲಿ ಹಿಡಿದು ಬಂದ ನಮ್ಮನ್ನು ಅಂದಿನ ಲೆಡ್ಜರಿನವರು ನೋಡಿದ ನೋಟದಲ್ಲಿ ಇದ್ದದ್ದೂ ಇದೇ. ಅದು ಅಸೂಯೆ ಅಲ್ಲ, ಲೆಕ್ಕಾಚಾರ. ಅರವತ್ತರ ಹತ್ತಿರ ಬಂದವರಿಗೆ ಆ ಡೈರಿಯೇ ಪಿಂಚಣಿ.

ಹಾಗಾದರೆ ಹುಡುಗರ ಗತಿ? ಹೇಳಿಕೊಡದ ಕೆಲಸದಲ್ಲಿ ತಪ್ಪಾದಾಗ ಡೆಮರೇಜ್ ಬಿಲ್ಲು ಬರುವುದು ಅವರ ಹೆಸರಿಗೆ. ಪ್ರೊಬೇಷನ್ನಿನಲ್ಲಿ ಇದ್ದವನಿಗೆ ಅದೊಂದೇ ಸಾಕು. ಊರಿನಲ್ಲಿ ಎಜುಕೇಶನ್ ಲೋನು ಬಾಕಿ ಇರುತ್ತದೆ. ಆದ್ದರಿಂದ ಎರಡೂ ಕಡೆಯವರು ಹೆದರಿದವರೇ. ಹೆದರಿದವರಿಗೆ ಮೂರು ದಿನದ ಟೀಮ್ ಬಿಲ್ಡಿಂಗ್ ಮಾಡಿ, ಬಲೂನು ಒಡೆಸಿದರೆ ಹೆದರಿಕೆ ಹೋಗುತ್ತದೆಯೇ?

ನಮ್ಮಲ್ಲಿ ನಡೆದದ್ದು

2018ರ ಜನವರಿ 1ರಂದು ಇಲ್ಲಿ ಶೇಕಡಾ 5ರ ವ್ಯಾಟ್ ಬಂತು. ನಮ್ಮ ಆಫೀಸಿನಲ್ಲಿ ಹಳೆಯದು ಹೊಸದು ಕೂಡಲೇಬೇಕಾದ ಸಂದರ್ಭ ಅದು. ಯಾವ ಸೇವೆಗೆ ತೆರಿಗೆ, ಯಾವುದಕ್ಕೆ ಸೊನ್ನೆ ದರ ಎಂದು ನಿಯಮ ಓದಿ ಶೀಟು ಮಾಡುವುದು ಹುಡುಗರಿಗೆ ಗೊತ್ತು. ಆದರೆ ನಮ್ಮ ಬಿಲ್ಲಿನ ಒಂದೊಂದು ಸಾಲು ನಿಜವಾಗಿ ಯಾವ ಕೆಲಸದ್ದು ಎಂದು ಹೇಳಬಲ್ಲವರು ಹಿರಿಯರೊಬ್ಬರೇ.

ನಾನು ಮಾಲೀಕರ ಹತ್ತಿರ ಹೋಗಿ ಕೇಳಿದ್ದು ಒಂದೇ. ಕೆಲಸ ಹೇಳಿಕೊಟ್ಟದ್ದಕ್ಕಾಗಿ ಅವರ ಕೆಲಸ ಹೋಗುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಡಿ. ಮಾಲೀಕರು ಎರಡು ದಿನ ಯೋಚಿಸಿದರು. ಆಮೇಲೆ ಹಿರಿಯರಿಗೆ ಎರಡು ವರ್ಷದ ರಿನ್ಯೂವಲ್ ಸಿಕ್ಕಿತು, ಹುದ್ದೆಯ ವಿವರದಲ್ಲಿ 'ತರಬೇತಿ' ಎಂಬ ಪದ ಸೇರಿತು. ಆ ಕಾಗದದ ಮೂರು ಜೆರಾಕ್ಸ್ ಅವರು ತೆಗೆದರು ಎಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನದು ಸುಲಭವಾಯಿತು. ದಿನಾ ಬೆಳಿಗ್ಗೆ ಒಂದು ಗಂಟೆ ಅವರು ಹೇಳುವುದು, ಹುಡುಗ ಬರೆದುಕೊಳ್ಳುವುದು. ಮೊದಲ ವಾರ ಬರೀ 'ಸಾರ್, ಸಾರ್'. ಎರಡನೆಯ ತಿಂಗಳಿಗೆ 'ಮಾಮ' ಆಯಿತು. ಇಬ್ಬರೂ ಕುಂದಾಪುರದ ಕಡೆಯವರು ಎಂದು ಗೊತ್ತಾದ ಮೇಲೆ ಮಾತಿನ ವೇಗವೇ ಬದಲಾಯಿತು. ಹುಡುಗ ಮಾಡಿದ ಶೀಟಿನಲ್ಲಿ ಮಾಮನ ಡೈರಿಯ ಹದಿನೇಳು ಕಾಲಂ ಬಂತು. ಮಾಮ ಫೋನಿನಲ್ಲೇ ಇನ್‌ವಾಯ್ಸ್ ಅಪ್ರೂವ್ ಮಾಡಲು ಕಲಿತರು, ದೊಡ್ಡಕ್ಷರ ಮಾತ್ರ ಬಿಡಲಿಲ್ಲ. ಎರಡು ವರ್ಷ ನಾಲ್ಕಾಯಿತು. ಅವರು ಕ್ಯಾನ್ಸಲ್ ಮಾಡಿ ಊರಿಗೆ ಹೋಗುವ ದಿನ ಗ್ರಾಚ್ಯುಟಿ ಲೆಕ್ಕವನ್ನು ಆ ಹುಡುಗನೇ ಹಾಕಿದ. ಮಾಮ ಕೈಯಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿ, ಸರಿ ಇದೆ ಎಂದು ಸಹಿ ಹಾಕಿದರು. ಹುಡುಗ ಅದಾಗಿ ಒಂದು ವರ್ಷಕ್ಕೆ ಬೇರೆ ಕಂಪನಿಗೆ ಹೋದ, ಹೋಗುವ ಮೊದಲು ಮುಂದಿನವಳಿಗೆ ಶೀಟು ಪೂರ್ತಿ ಹೇಳಿಕೊಟ್ಟ. ಹಳಬರ ನಿಷ್ಠೆ ಕೂತಲ್ಲೇ ಕೂರುವುದಾದರೆ, ಹೊಸಬರ ನಿಷ್ಠೆ ಹೀಗೆ ದಾಟಿಸಿ ಹೋಗುವುದು. ಎರಡನ್ನೂ ನಾನು ನಿಷ್ಠೆ ಎಂದೇ ಕರೆಯುತ್ತೇನೆ.

ಮೇಜಿನ ಸುತ್ತ ಈಗ ನಾಲ್ಕನೆಯ ಕುರ್ಚಿಯೂ ಬಂದಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಕೌಶಲದ ಹುದ್ದೆಗಳಲ್ಲಿ ಈ ದೇಶದ ಪ್ರಜೆಗಳ ಪಾಲನ್ನು ವರ್ಷಕ್ಕೆ ಶೇಕಡಾ 2ರಂತೆ ಹೆಚ್ಚಿಸಬೇಕು ಎಂಬ ನಿಯಮ 2022ರಿಂದ ಇದೆ. ಇಪ್ಪತ್ತಮೂರರ ಎಮಿರಾತಿ ಹುಡುಗಿಗೆ ಐವತ್ತರ ಕನ್ನಡಿಗ ಕೆಲಸ ಹೇಳಿಕೊಡುವ ಕಾಲ. ಅಲ್ಲೂ ಅದೇ ಹಳೆಯ ಪ್ರಶ್ನೆ ಎದ್ದು ನಿಲ್ಲುತ್ತದೆ. ಇದು ಅವರ ನೆಲ, ಅವರ ಮಕ್ಕಳು ಕೆಲಸ ಕಲಿಯುವುದು ನ್ಯಾಯ. ಬೇಕಾದದ್ದು ಕಲಿಸುವವನಿಗೂ ಒಂದು ಭರವಸೆಯ ಕಾಗದ.

ನಮ್ಮ ಸಂಘದ ಗೆಳೆಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಊರಿಗೆ ಮರಳುವ ಹಿರಿಯರಿಗೆ ನಾವು ಶಾಲು ಹೊದೆಸಿ, ಫಲಕ ಕೊಟ್ಟು ಕಳಿಸುತ್ತೇವೆ. ಅದರ ಜೊತೆಗೆ ಅವರನ್ನು ಒಂದು ಸಂಜೆ ಕೂರಿಸಿ, ಯಾವ ವರ್ಷ ಬಂದಿರಿ, ಮೊದಲ ಸಂಬಳ ಯಾವ ನೋಟಿನಲ್ಲಿ ಸಿಕ್ಕಿತು, ಕೆಲಸ ಯಾರು ಹೇಳಿಕೊಟ್ಟರು ಎಂದು ಕೇಳಿ ಬರೆದುಕೊಳ್ಳೋಣ. ಬರೆದುಕೊಳ್ಳುವ ಕೆಲಸ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಕೊಡೋಣ. ಮುಂದಿನ ವಾರ್ಷಿಕ ಸಂಚಿಕೆಗೆ ಅದರಲ್ಲಿ ನಾಲ್ಕಾರು ಪುಟವಾದರೂ ಸಿಗುತ್ತದೆ. ಮೊದಲ ಹೆಸರು ನಾನೇ ಕೊಡುತ್ತೇನೆ. ದ್ವಾರಕಾ ಹಡಗಿನಲ್ಲಿ ಬಂದವರೊಬ್ಬರು ಶಾರ್ಜಾದಲ್ಲಿ ಮಗನ ಮನೆಗೆ ಬಂದಿದ್ದಾರೆ, ಜನವರಿಯವರೆಗೆ ಇಲ್ಲೇ ಇರುತ್ತಾರೆ.